ಡಾಕ್ಟರಾಗಬೇಕೆಂಬ ಮಗಳಿಗೆ ಯಾವ ಕಾಲೇಜು?

ಪ್ರಶ್ನೆ: ನಾವು 13 ವರ್ಷಗಳಿಂದ ಅಮೆರಿಕದ ಡಲ್ಲಾಸ್ ಬಳಿ ನೆಲೆಸಿದ್ದೇವೆ. ಮೈಸೂರಿನಲ್ಲಿ ಹುಟ್ಟಿದ ಮಗಳು ಈಗ ಹನ್ನೆರಡನೇ ತರಗತಿಯಲ್ಲಿದ್ದಾಳೆ. ಡಾಕ್ಟರಾಗಬೇಕೆಂಬುದು ಅವಳ ಆಸೆ. ಪೂರ್ವ ಕರಾವಳಿಯ ಹೆಸರಾಂತ ಖಾಸಗಿ ಕಾಲೇಜೊಂದರಲ್ಲೂ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲೂ ಬಯಾಲಜಿ ಪದವಿಗೆ ಪ್ರವೇಶ ಸಿಕ್ಕಿದೆ. ಖಾಸಗಿ ಕಾಲೇಜಿನವರು ತಮ್ಮಲ್ಲಿ ಓದಿ ಅರ್ಜಿ ಹಾಕಿದವರಲ್ಲಿ ನೂರಕ್ಕೆ 90 ಮಂದಿಗೆ ಮೆಡಿಕಲ್ ಸೀಟು ದೊರೆಯುತ್ತದೆ ಎನ್ನುತ್ತಾರೆ, ಆದರೆ ಅಲ್ಲಿಗೆ ಸೇರಿಸಲು ದೊಡ್ಡ ಸಾಲ ಮಾಡಬೇಕು. ನಮಗೆ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಯಾವುದನ್ನು ಆರಿಸಬೇಕು?

ಉತ್ತರ: ನಿಮ್ಮ ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬಂದುಹೋಗಿರುವ ಗ್ರೀನ್ ಕಾರ್ಡ್ ವಿಚಾರವನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಕಾಲೇಜಿನ ಹೆಸರಿಗಿಂತ ಹೆಚ್ಚಾಗಿ ಮಗಳ ದಾರಿಯನ್ನು ತೀರ್ಮಾನಿಸುವುದು ಅದೇ. ಎಚ್-4 ವೀಸಾದ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮೇಲಿರುವ ಮಕ್ಕಳ ಅವಲಂಬಿತ ಸ್ಥಾನ 21 ತುಂಬಿದಾಗ ಮುಗಿಯುತ್ತದೆ; ಓದು ಮುಂದುವರಿಸಲು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ನಾಲ್ಕು ವರ್ಷದ ಪದವಿಯನ್ನು ನೇರವಾಗಿ ಮುಗಿಸಿ ಮೆಡಿಕಲ್ ಸೇರುವವರು ಮೂರನೇ ವರ್ಷ ಕಳೆದ ಬೇಸಿಗೆಯಲ್ಲಿ, ಅಂದರೆ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಅರ್ಜಿ ಹಾಕುತ್ತಾರೆ. ಇಲ್ಲಿನ ಅನೇಕ ಮೆಡಿಕಲ್ ಕಾಲೇಜುಗಳು ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಉಳ್ಳವರನ್ನು ಬಿಟ್ಟು ಬೇರೆಯವರ ಅರ್ಜಿಯನ್ನು ನೋಡುವುದೇ ಇಲ್ಲ. ನೋಡುವವುಗಳಲ್ಲಿ ಕೆಲವು, ಒಂದು ವರ್ಷದ್ದೋ ನಾಲ್ಕೂ ವರ್ಷದ್ದೋ ಹಣವನ್ನು ಮೊದಲೇ ಠೇವಣಿಯಾಗಿ ತೋರಿಸಬೇಕೆನ್ನುತ್ತವೆ. ವಲಸೆ ಕಾನೂನಿನಲ್ಲಿ ಮಕ್ಕಳ ವಯಸ್ಸನ್ನು ಲೆಕ್ಕ ಹಾಕುವ ರೀತಿ ಹುಟ್ಟುಹಬ್ಬದ ಲೆಕ್ಕಕ್ಕಿಂತ ಭಿನ್ನವಾಗಿರಬಹುದಾದ್ದರಿಂದ ಈಗಲೇ ವಕೀಲರೊಬ್ಬರನ್ನು ಕಂಡು ಮಾತನಾಡಿ. ಮೂರು ವರ್ಷ ಬಿಟ್ಟು ಮಾಡುವ ಕೆಲಸವಲ್ಲ ಇದು.

ಸಾಲದ ಪ್ರಶ್ನೆಯೂ ಇದಕ್ಕೇ ಹೆಣೆದುಕೊಂಡಿದೆ. ಎಚ್-4 ಅಥವಾ ಎಫ್-1 ಮೇಲಿರುವವರಿಗೆ ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ, 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಮೆಡಿಕಲ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಾತ್ರ ಎಂಬ ಮಿತಿಯಿದೆ. ಹಲವು ಕಾಲೇಜುಗಳಲ್ಲಿ ನಾಲ್ಕು ವರ್ಷದ ಖರ್ಚು ಇದನ್ನು ಮೀರುತ್ತದೆ. ಮೆಡಿಕಲ್‌ಗೆ ಬೇಕಾಗುವ ಹಣವನ್ನು ಪದವಿಯಲ್ಲೇ ಬರಿದು ಮಾಡಿಕೊಳ್ಳಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಇನ್ನು ಆ ನೂರಕ್ಕೆ 90ರ ಮಾತು. ದೇಶದಾದ್ಯಂತ ಎಂ.ಡಿ. (ಇಲ್ಲಿ ಡಾಕ್ಟರಾಗಲು ಓದುವ ಮೊದಲ ವೈದ್ಯಕೀಯ ಪದವಿ) ಪ್ರವೇಶಕ್ಕೆ ವರ್ಷಕ್ಕೆ 50,000ಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ, ಸುಮಾರು 23,000 ಮಂದಿ ಸೇರುತ್ತಾರೆ. ಒಂದು ಕಾಲೇಜಿನ ಲೆಕ್ಕ ಇದಕ್ಕಿಂತ ಬಹಳ ಮೇಲಿದ್ದರೆ, ಅದು ಯಾರನ್ನು ಎಣಿಸುತ್ತಿದೆ ಎಂದು ಕೇಳಬೇಕು. ಕೆಲವು ಕಾಲೇಜುಗಳಲ್ಲಿ ಅಧ್ಯಾಪಕರ ಸಮಿತಿಯೇ ಶಿಫಾರಸು ಪತ್ರ ಬರೆಯುತ್ತದೆ. ಅಂಕ ಕಡಿಮೆಯಿದ್ದವರಿಗೆ ಅರ್ಜಿ ಹಾಕದಂತೆ ಅಲ್ಲೇ ಬುದ್ಧಿ ಹೇಳಲಾಗುತ್ತದೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಡವಿ ಆಸೆಯನ್ನೇ ಕೈಬಿಟ್ಟವರು ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಮೊದಲ ವರ್ಷ ಡಾಕ್ಟರಾಗುತ್ತೇನೆಂದು ಬಂದವರಲ್ಲಿ ಎಷ್ಟು ಮಂದಿ ಅರ್ಜಿಯವರೆಗೆ ಬಂದರು ಎಂಬುದೇ ನೀವು ಕೇಳಬೇಕಾದ ಪ್ರಶ್ನೆ.

ಟೆಕ್ಸಾಸ್‌ನ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಹೊರರಾಜ್ಯದವರಿಗೆ ಸಾಮಾನ್ಯವಾಗಿ ನೂರಕ್ಕೆ 10ಕ್ಕಿಂತ ಹೆಚ್ಚು ಸೀಟು ಕೊಡುವಂತಿಲ್ಲ. ಇದು ನಿಮ್ಮ ಮಗಳಿಗೆ ದೊಡ್ಡ ಅನುಕೂಲ. ಆದರೆ ನೀವು ಇಲ್ಲೇ ಇದ್ದು ಮಗಳು ಹೊರಗೆ ಓದಿದರೂ ಟೆಕ್ಸಾಸ್ ನಿವಾಸಿ ಎಂಬ ಮಾನ್ಯತೆ ಸಾಮಾನ್ಯವಾಗಿ ಉಳಿಯುತ್ತದೆ, ಹಾಗಾಗಿ ಇದೊಂದೇ ಕಾರಣಕ್ಕೆ ಇಲ್ಲಿ ನಿಲ್ಲಬೇಕಿಲ್ಲ.

ನಮ್ಮೂರಿನ ಪಿಯುಸಿಯಂತೆ ಇಲ್ಲಿ ಬಯಾಲಜಿಯೇ ಬೇಕೆಂಬ ಕಟ್ಟುಪಾಡಿಲ್ಲ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಬಯೋಕೆಮಿಸ್ಟ್ರಿಯ ಅಗತ್ಯ ಕೋರ್ಸುಗಳನ್ನು ಮುಗಿಸಿ ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದವರು ಇತಿಹಾಸವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದಿರಬಹುದು. ಅವಳಿಗೆ ಪ್ರೀತಿಯಿರುವ ವಿಷಯದಲ್ಲಿ ಅಂಕಗಳೂ ಚೆನ್ನಾಗಿ ಬರುತ್ತವೆ. ಹೈಸ್ಕೂಲಿನಲ್ಲೇ ಡ್ಯುಯಲ್ ಕ್ರೆಡಿಟ್ ಕೋರ್ಸು (ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುವ ಕೋರ್ಸು) ತೆಗೆದುಕೊಂಡಿದ್ದರೆ ಆ ಅಂಕಗಳೂ ಮೆಡಿಕಲ್ ಅರ್ಜಿಯ ಜಿಪಿಎಯಲ್ಲಿ, ಅಂದರೆ ಸರಾಸರಿ ಅಂಕದಲ್ಲಿ, ಸೇರುತ್ತವೆ ಎಂಬುದನ್ನು ಅವಳಿಗೆ ಇಂದೇ ತಿಳಿಸಿ.

ಇಷ್ಟನ್ನೂ ಇಟ್ಟುಕೊಂಡು ನೋಡಿದರೆ, ಸಾಲವಿಲ್ಲದ ಸರ್ಕಾರಿ ವಿಶ್ವವಿದ್ಯಾಲಯವನ್ನೇ ನಾನು ಆರಿಸುತ್ತೇನೆ. ಅಲ್ಲಿ ನಿಜವಾದ ಕೊರತೆ ಒಂದಿದೆ: ಮೊದಲ ವರ್ಷದ ಕೆಮಿಸ್ಟ್ರಿ ತರಗತಿಯಲ್ಲಿ ನೂರಾರು ಮಂದಿ ಕೂರುತ್ತಾರೆ, ಪತ್ರ ಬರೆದುಕೊಡುವಷ್ಟು ಪರಿಚಯ ಪ್ರಾಧ್ಯಾಪಕರಿಗೆ ತಾನಾಗಿ ಆಗುವುದಿಲ್ಲ. ಆದ್ದರಿಂದ ಬಹುತೇಕ ಕಾಲೇಜುಗಳಿಗೆ ಒಪ್ಪಿಗೆ ತಿಳಿಸಬೇಕಾದ ಮೇ 1ರೊಳಗೆ ಮಗಳೊಂದಿಗೆ ಅಲ್ಲಿಗೆ ಹೋಗಿ ಒಂದು ತರಗತಿಯಲ್ಲಿ ಕುಳಿತು ನೋಡಿ. ಹೆಚ್ಚು ಅಂಕದವರಿಗಾಗಿ ಇರುವ ಆನರ್ಸ್ ವಿಭಾಗದ ಚಿಕ್ಕ ತರಗತಿಗಳಿವೆಯೇ, ಎರಡನೇ ವರ್ಷದವರಿಗೆ ಸಂಶೋಧನಾ ಲ್ಯಾಬಿನಲ್ಲಿ ಜಾಗ ಸಿಗುತ್ತದೆಯೇ, ಸ್ವಯಂಸೇವೆಗೆ ಹೋಗಲು ಬಸ್ಸಿನಲ್ಲಿ ತಲುಪುವ ದೂರದಲ್ಲಿ ಆಸ್ಪತ್ರೆ ಇದೆಯೇ ಎಂಬುದನ್ನು ಅಲ್ಲಿನ ಹಿರಿಯ ವಿದ್ಯಾರ್ಥಿಗಳಿಂದಲೇ ಕೇಳಿ ತಿಳಿದುಕೊಳ್ಳಿ.