ಟೆನಿಸ್‌ಗೆ ಸ್ಟ್ಯಾಮಿನಾ ಬರಲು ದಿನಾ ಎಷ್ಟು ಕಿಲೋಮೀಟರ್ ಓಡಬೇಕು? ಮೂರನೇ ಸೆಟ್‌ಗೆ ಸುಸ್ತಾಗುತ್ತೇನೆ, ಟೂರ್ನಮೆಂಟ್‌ಗೆ ಆರು ವಾರ ಇದೆ.

ನಾನು 8 ಓಡುತ್ತಿದ್ದೆ. ದಿನಾ ಬೆಳಿಗ್ಗೆ, ಸುಮಾರು ಎರಡು ವರ್ಷ. ಆದರೂ ಮೂರನೇ ಸೆಟ್‌ನಲ್ಲಿ ಕಾಲು ಮಾತು ಕೇಳುತ್ತಿರಲಿಲ್ಲ. ಸ್ಟ್ಯಾಮಿನಾ ಸಾಲದು ಅಂದುಕೊಂಡು 10ಕ್ಕೆ ಏರಿಸಿದೆ. ಕಾಲು ಇನ್ನೂ ಬೇಗ ಸೋಲತೊಡಗಿತು.

ಒಂದು ಮ್ಯಾಚ್‌ನಲ್ಲಿ ಬಲಗಡೆ ದೂರ ಬಿದ್ದ ಚೆಂಡಿಗೆ ಓಡಿ, ಹೊಡೆದು, ವಾಪಸ್ ತಿರುಗಲು ಬಲಗಾಲು ಊರಿದೆ. ತೊಡೆಸಂದಿನಲ್ಲಿ ಚಟ್ ಅಂತು. ಏಳು ವಾರ ರಾಕೆಟ್ ಮುಟ್ಟಲಿಲ್ಲ.

ಆಗ ಬೇರೆ ಕೆಲಸ ಇಲ್ಲದೆ ಗೆಳೆಯರ ಮ್ಯಾಚ್ ಪಕ್ಕ ಸ್ಟಾಪ್‌ವಾಚ್ ಹಿಡಿದು ಕೂತೆ. ಹೆಚ್ಚಿನ ಪಾಯಿಂಟ್‌ಗಳು 10 ಸೆಕೆಂಡ್ ಒಳಗೇ ಮುಗಿಯುತ್ತಿದ್ದವು. ವೃತ್ತಿಪರರ ಆಟದಲ್ಲೂ ಎರಡು ಪಾಯಿಂಟ್ ನಡುವೆ 25 ಸೆಕೆಂಡ್ ಸಮಯ ಇರುತ್ತದೆ, ಬದಿ ಬದಲಿಸುವಾಗ 90 ಸೆಕೆಂಡ್. ಅಂದರೆ ಗಂಟೆಗಟ್ಟಲೆ ಆಡಿದೆ ಅನ್ನುತ್ತೇವೆ, ಅದರಲ್ಲಿ ಮುಕ್ಕಾಲು ಪಾಲು ಸುಮ್ನೆ ನಿಂತಿರುತ್ತೇವೆ, ಕೂತಿರುತ್ತೇವೆ.

ನನ್ನ ತಪ್ಪು ಇದೇ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಾನು ಕಾಲಿಗೆ ಕಲಿಸಿದ್ದು ಒಂದೇ ವೇಗದಲ್ಲಿ ನೇರವಾಗಿ ಹೋಗುವುದನ್ನು. ಟೆನಿಸ್‌ನಲ್ಲಿ ನೇರ ಎಲ್ಲಿದೆ? ಸಿಂಗಲ್ಸ್ ಕೋರ್ಟಿನ ಅಗಲ 8.23 ಮೀಟರ್. ನಾಲ್ಕು ಹೆಜ್ಜೆ, ನಿಲ್ಲು, ಹೊಡೆ, ತಿರುಗು, ಮತ್ತೆ ನಾಲ್ಕು ಹೆಜ್ಜೆ. ಕಷ್ಟ ಇರೋದು ಓಡುವುದರಲ್ಲಲ್ಲ, ನಿಲ್ಲುವುದರಲ್ಲಿ. ಬ್ರೇಕ್ ಹಾಕುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರ ತಡೆಯಬೇಕು. ಆ ಅಭ್ಯಾಸವಿಲ್ಲದಿದ್ದರೆ ಸ್ನಾಯು ಹರಿಯಬಹುದು. ಎರಡು ವರ್ಷದಲ್ಲಿ ನಾನು ಒಂದು ದಿನವೂ ಬ್ರೇಕ್ ಹಾಕುವ ಅಭ್ಯಾಸ ಮಾಡಿರಲಿಲ್ಲ! ಮೇಲಾಗಿ ಬೆಳಗಿನ ಓಟದ ಸುಸ್ತನ್ನು ಹೊತ್ತುಕೊಂಡೇ ಸಂಜೆ ಆಡುತ್ತಿದ್ದೆ.

2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹು 11 ಗಂಟೆ 5 ನಿಮಿಷ ಆಡಲಿಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಮೂರು ದಿನ ನಡೆದ ಮ್ಯಾಚ್. ಇಬ್ಬರೂ ಸೇರಿ ಹೊಡೆದ ಏಸ್‌ಗಳೇ, ಅಂದರೆ ಎದುರಾಳಿ ಮುಟ್ಟಲೂ ಆಗದ ಸರ್ವ್‌ಗಳೇ, 216. ಏಸ್‌ಗೆ ಎಷ್ಟು ಓಡಬೇಕು ಹೇಳಿ?

ಹಾಗಾಗಿ ಕಿಲೋಮೀಟರ್ ಲೆಕ್ಕ ಬಿಡಿ. ಮೈ ಬಿಸಿಯಾಗಲು ಐದು ನಿಮಿಷ ಓಡಿದರೆ ಸಾಕು. ವಾಸಿಯಾದ ಮೇಲೆ ನಾನು ಮಾಡಿದ್ದು ಹೀಗೆ: ಕೋರ್ಟ್‌ನಲ್ಲೇ 10 ಸೆಕೆಂಡ್ ಪೂರ್ತಿ ವೇಗದಲ್ಲಿ ಅಡ್ಡಡ್ಡ ಓಟ, 25 ಸೆಕೆಂಡ್ ವಿರಾಮ, ಇಂಥವು ಎಂಟು. ಎರಡು ನಿಮಿಷ ಕೂತು ಮತ್ತೆ ಎಂಟು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ಜೊತೆಗೆ ಪಕ್ಕಕ್ಕೆ ಹಾಕುವ ಲಂಜ್ (ಒಂದು ಕಾಲನ್ನು ದೂರ ಇಟ್ಟು ಮಂಡಿ ಬಗ್ಗಿಸುವುದು), ಒಂಟಿಕಾಲಿನ ಸ್ಕ್ವಾಟ್ (ಒಂದೇ ಕಾಲಲ್ಲಿ ಕುಳಿತು ಏಳುವುದು). ಎದುರಾಳಿ ಚೆಂಡು ಹೊಡೆಯುವ ಹೊತ್ತಿಗೆ ಹಾಕುವ ಸಣ್ಣ ಜಿಗಿತ ಇದೆಯಲ್ಲ, ಸ್ಪ್ಲಿಟ್ ಸ್ಟೆಪ್, ಅದನ್ನು ಪ್ರತಿ ಓಟದ ಮೊದಲು ಸೇರಿಸಿ.

ಭುಜದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬರೀ ಎದೆಯ ವ್ಯಾಯಾಮ ಮಾಡಬೇಡಿ. ಸರ್ವ್ ಮಾಡಿದ ಮೇಲೆ ಕೈಯನ್ನು ತಡೆಯುವುದು ಭುಜದ ಹಿಂದಿನ ಸಣ್ಣ ಸ್ನಾಯುಗಳು. ರಬ್ಬರ್ ಬ್ಯಾಂಡ್ ಎಳೆದು ಅವನ್ನು ಗಟ್ಟಿ ಮಾಡಿಕೊಳ್ಳಿ.

ಆರು ವಾರದಲ್ಲಿ ಮೊದಲ ವಾರ ಅರ್ಧದಷ್ಟೇ ಮಾಡಿ, ಆಮೇಲೆ ಏರಿಸಿ. ಕೊನೆಯ ವಾರ ಮತ್ತೆ ಅರ್ಧಕ್ಕೆ ಇಳಿಸಿ. ಆಗ ಹೆದರಿಕೆಗೆ ಜಾಸ್ತಿ ಮಾಡೋಣ ಅನಿಸುತ್ತದೆ. ನಾನೂ ಒಂದು ಸಲ ಹಾಗೆ ಮಾಡಿ, ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದಿದ್ದೇನೆ.