45 ಬೇಡ, 25 ಸಾಕು: ಲೋವರಿಂಗ್ ಸ್ಪ್ರಿಂಗ್ ಕೊಳ್ಳುವ ಮೊದಲು ಒಂದು ಜಿಪ್ ಟೈ ಕಟ್ಟಿ ನೋಡಿ

ನೀವು ಕೇಳಿದ್ದು ಇಷ್ಟು: ಎರಡು ಸೀಟಿನ ರಿಯರ್ ವೀಲ್ ಡ್ರೈವ್ ಕಾರು, 60,000 ಕಿ.ಮೀ. ಓಡಿದ ಕಂಪನಿ ಡ್ಯಾಂಪರ್‌ಗಳು (ಶಾಕ್ ಅಬ್ಸಾರ್ಬರ್‌ಗಳು) ಹಾಗೇ ಇವೆ, ಟೈರ್ ಮೇಲಿನ ಗ್ಯಾಪ್ ನೋಡಿದರೆ ಬೇಜಾರು. 25 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಲಾ, 45 ಇಳಿಸುವುದನ್ನು ಹಾಕಲಾ?

ನನ್ನ ಮಟ್ಟಿಗೆ 25. ಯಾಕೆ ಅಂತ ಗೊತ್ತಾಗಬೇಕಾದರೆ ಫೆಂಡರ್ ಗ್ಯಾಪ್ ಬಿಟ್ಟು ಡ್ಯಾಂಪರ್ ರಾಡ್ ನೋಡಿ.

ಕಾರನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರ ಬಿಚ್ಚಿ. ಡ್ಯಾಂಪರ್ ರಾಡನ್ನು ಮುಚ್ಚಿರುವ ಡಸ್ಟ್ ಬೂಟನ್ನು ಮೇಲಕ್ಕೆ ಮಡಚಿ ಕಟ್ಟಿ. ಆ ಹೊಳೆಯುವ ರಾಡಿಗೆ ಸಣ್ಣ ಜಿಪ್ ಟೈ ಬಿಗಿದು, ಡ್ಯಾಂಪರ್ ಬಾಡಿಗೆ ತಾಗುವವರೆಗೆ ಕೆಳಗೆ ಸರಿಸಿ. ಚಕ್ರ ಹಾಕಿ ಕಾರನ್ನು ನಿಧಾನಕ್ಕೆ ಇಳಿಸಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಮತ್ತೆ ಎತ್ತಿ. ಟೈ ಈಗ ರಾಡಿನ ಮೇಲೆ ಒಂದು ಜಾಗದಲ್ಲಿ ನಿಂತಿರುತ್ತದೆ. ಅಲ್ಲಿಂದ ಬಂಪ್ ಸ್ಟಾಪಿನ (ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯುವ ಮೆತ್ತನೆ ತುಂಡು) ಕೆಳ ತುದಿಗೆ ಎಷ್ಟು ದೂರವೋ ಅಷ್ಟೇ ನಿಮ್ಮ ಬಂಡವಾಳ, ಅಂದರೆ ಚಕ್ರ ಏರಲು ಇರುವ ಟ್ರಾವೆಲ್. ಆಮೇಲೆ ನೀವು ದಿನಾ ಓಡಾಡುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟೈ ಎಲ್ಲಿಗೆ ಹತ್ತಿದೆ ಅಂತ ನೋಡಿದರೆ ಎಷ್ಟು ಖರ್ಚಾಗುತ್ತಿದೆ ಅನ್ನುವುದೂ ಗೊತ್ತಾಗುತ್ತದೆ.

ನಾನು ಇದನ್ನು ಮಾಡಿದ್ದು ತಡವಾಗಿ. ಹಳೆಯ ಕಾರಿಗೆ ಮೊದಲು 45 ಮಿ.ಮೀ. ಸ್ಪ್ರಿಂಗ್ ಹಾಕಿಸಿದೆ, ಆಮೇಲೆ ಅಳೆದೆ. ಕಂಪನಿ ಎತ್ತರದಲ್ಲಿ ಮುಂದೆ ಇದ್ದ ಜಾಗ 55 ಮಿ.ಮೀ., ಅಂದರೆ ಉಳಿದದ್ದು ಹೆಚ್ಚುಕಡಿಮೆ 10. ಫೋಟೋದಲ್ಲಿ ಕಾರು ಸೂಪರ್! ಆದರೆ ಉದ್ದನೆಯ ತಿರುವಿನ ಮಧ್ಯೆ ಸಣ್ಣ ತಗ್ಗು ಸಿಕ್ಕರೂ ಹೊರಗಿನ ಚಕ್ರ ಬಂಪ್ ಸ್ಟಾಪಿಗೆ ಹೋಗಿ ಕೂರುತ್ತಿತ್ತು. ಆ ಕ್ಷಣಕ್ಕೆ ಮುಂದಿನ ಸಸ್ಪೆನ್ಷನ್ ಕಲ್ಲಿನ ಹಾಗೆ ಆಗುತ್ತದೆ, ಸ್ಟೀರಿಂಗ್ ತಿರುಗಿದ್ದರೂ ಮೂತಿ ನೇರಕ್ಕೆ ಜಾರುತ್ತದೆ. ಒಂದು ವರ್ಷ ಬಿಟ್ಟು ಬಿಚ್ಚಿದಾಗ ಬಂಪ್ ಸ್ಟಾಪ್ ಬೆರಳಲ್ಲಿ ಹಿಸುಕಿದರೆ ಪುಡಿಪುಡಿ.

ಟ್ರಾವೆಲ್ ಕಮ್ಮಿಯಾದರೆ ಸ್ಪ್ರಿಂಗ್ ಗಟ್ಟಿಯಾಗಲೇಬೇಕು, ಅಲ್ವಾ? ಹಾಗಾಗಿ ಪ್ಯಾಕೆಟ್ ಮೇಲೆ ಎಷ್ಟು ಇಳಿಸುತ್ತದೆ ಅಂತ ಮಾತ್ರ ಬರೆದು, ರೇಟ್ (ಬೆಲೆ ಅಲ್ಲ, ಒಂದು ಮಿ.ಮೀ. ಒತ್ತಲು ಎಷ್ಟು ಬಲ ಬೇಕು ಅನ್ನುವುದು) ಬರೆಯದ ಸ್ಪ್ರಿಂಗ್ ಕಡೆಗೆ ನಾನಂತೂ ತಿರುಗಿಯೂ ನೋಡುವುದಿಲ್ಲ. ರೇಟನ್ನು ಕೆಲವರು ನ್ಯೂಟನ್‌ನಲ್ಲಿ ಕೊಡುತ್ತಾರೆ, ಕೆಲವರು ಕೆ.ಜಿ.ಯಲ್ಲಿ. ಮಿ.ಮೀ.ಗೆ 1 ಕೆ.ಜಿ. ಅಂದರೆ ಮಿ.ಮೀ.ಗೆ ಸುಮಾರು 9.8 ನ್ಯೂಟನ್, ಇಂಚಿಗೆ 56 ಪೌಂಡ್. ಆದರೆ ಸ್ಪ್ರಿಂಗಿನ ರೇಟ್ ಪೂರ್ತಿ ಚಕ್ರಕ್ಕೆ ಬರುವುದಿಲ್ಲ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಒತ್ತಿದರೆ ಮೋಷನ್ ರೇಶಿಯೋ 0.7. ಸ್ಪ್ರಿಂಗ್ ರೇಟನ್ನು ಗುಣಿಸಬೇಕಾದ್ದು ಅದರ ವರ್ಗದಿಂದ, ಅಂದರೆ 0.49. ಹಾಗಾಗಿ ಮಿ.ಮೀ.ಗೆ 60 ನ್ಯೂಟನ್‌ನ ಸ್ಪ್ರಿಂಗ್ ಚಕ್ರದ ಹತ್ತಿರ 29 ಅಷ್ಟೇ. ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಡ್ಯಾಂಪರ್ ಒಂದೇ ಕಂಬದಲ್ಲಿರುವ ಜೋಡಣೆ) ಈ ರೇಶಿಯೋ 1ರ ಹತ್ತಿರ ಇರುತ್ತದೆ. ಮುಂದೆ ಹಿಂದೆ ನಂಬರ್ ತುಂಬಾ ಬೇರೆ ಇದೆ ಅಂತ ಗಾಬರಿ ಆಗಬೇಡಿ, ಕಾರಣ ಸಾಮಾನ್ಯವಾಗಿ ಇದೇ.

ಒಂದು ಮೂಲೆಯಲ್ಲಿ ಸ್ಪ್ರಿಂಗ್ ಮೇಲೆ ಕೂರುವ ತೂಕ 300 ಕೆ.ಜಿ. ಅಂದುಕೊಳ್ಳಿ. ಚಕ್ರದಲ್ಲಿ ಮಿ.ಮೀ.ಗೆ 22 ನ್ಯೂಟನ್ ಇದ್ದರೆ ಕಾರು ಸೆಕೆಂಡಿಗೆ ಸುಮಾರು 1.36 ಸಲ ತೂಗುತ್ತದೆ, 30 ಇದ್ದರೆ 1.6 ಸಲ. ರಸ್ತೆ ಮೇಲೆ ಓಡಿಸುವ ಸ್ಪೋರ್ಟ್ಸ್ ಕಾರಿಗೆ 1.5ರಿಂದ 2ರ ಒಳಗೆ ಚೆನ್ನಾಗಿರುತ್ತದೆ. ಅದರ ಮೇಲೆ ಹೋದರೆ ಸೊಂಟ ಮಾತಾಡುತ್ತದೆ.

ಇನ್ನು ಡ್ಯಾಂಪರ್. ಸ್ಪ್ರಿಂಗ್ 40 ಪರ್ಸೆಂಟ್ ಗಟ್ಟಿಯಾದರೆ ಅದನ್ನು ಹಿಡಿಯಲು ಡ್ಯಾಂಪಿಂಗ್ ಸುಮಾರು 18 ಪರ್ಸೆಂಟ್ ಜಾಸ್ತಿ ಬೇಕು, ಮುಖ್ಯವಾಗಿ ರೀಬೌಂಡ್‌ನಲ್ಲಿ, ಅಂದರೆ ಒತ್ತಿದ ಸ್ಪ್ರಿಂಗ್ ವಾಪಸ್ ಚಾಚುವಾಗ. ಹೊಸ ಕಂಪನಿ ಡ್ಯಾಂಪರ್ 25 ಮಿ.ಮೀ. ಸ್ಪ್ರಿಂಗಿನ ಜೊತೆ ಹೇಗೋ ಸಂಸಾರ ಮಾಡುತ್ತದೆ. 60,000 ಓಡಿದ್ದು ಎಷ್ಟು ದಿನ ಮಾಡುತ್ತದೋ ಹೇಳಲಾಗದು. ಒಂದೇ ಬಿಚ್ಚುವಿಕೆಯಲ್ಲಿ ಸ್ಪ್ರಿಂಗ್, ಡ್ಯಾಂಪರ್, ಟಾಪ್ ಮೌಂಟ್, ಬಂಪ್ ಸ್ಟಾಪ್, ಬೂಟ್ ಎಲ್ಲಾ ಮುಗಿಸಿಬಿಡಿ. ಸುಮ್ನೆ ಎರಡು ಸಲ ಕೂಲಿ ಯಾಕೆ? ಈಗ ಡ್ಯಾಂಪರ್‌ಗೆ ಕೈಯಲ್ಲಿ ಕಾಸಿಲ್ಲದಿದ್ದರೆ ಸ್ಪ್ರಿಂಗನ್ನೂ ಮುಂದಕ್ಕೆ ಹಾಕಿ.

ಪ್ರೋಗ್ರೆಸಿವ್ (ಒತ್ತಿದಷ್ಟೂ ಗಟ್ಟಿಯಾಗುವ ಸ್ಪ್ರಿಂಗ್) ಬೇಕಾ, ಲೀನಿಯರ್ (ಉದ್ದಕ್ಕೂ ಒಂದೇ ರೇಟ್ ಇರುವುದು) ಬೇಕಾ ಅನ್ನುವುದು ಅಷ್ಟು ದೊಡ್ಡ ವಿಷಯ ಅಲ್ಲ. ದಿನಾ ಓಡಿಸುವವರಿಗೆ ಪ್ರೋಗ್ರೆಸಿವ್ ಹಿತ. ಟ್ರ್ಯಾಕಿಗೆ ಹೋಗುವವರಿಗೆ ಕಾರು ಮುಂದೇನು ಮಾಡುತ್ತದೆ ಅನ್ನುವುದು ಲೀನಿಯರ್‌ನಲ್ಲಿ ಸುಲಭವಾಗಿ ಗೊತ್ತಾಗುತ್ತದೆ. ಹಳೆ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಸಾಕು ಅಂತ ಯಾರೋ ಹೇಳಿದರೆ ನಕ್ಕು ಬಿಡಿ. ಚಕ್ರ ಪೂರ್ತಿ ಇಳಿದಾಗ ಆ ಸ್ಪ್ರಿಂಗ್ ತಾನು ಕೂರುವ ಜಾಗದಿಂದ ಎದ್ದು ಬರಬಹುದು.

ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದ್ದರೆ ಇನ್ನೊಂದು ತೊಂದರೆ ಇದೆ. ಜಾಸ್ತಿ ಇಳಿಸಿದಾಗ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಹೊರ ತುದಿ ಒಳ ತುದಿಗಿಂತ ಮೇಲೆ ಹೋಗುತ್ತದೆ. ಕಾರಿನ ಭಾರಕೇಂದ್ರ ಇಳಿದದ್ದಕ್ಕಿಂತ ಜಾಸ್ತಿ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಇಳಿಯುತ್ತದೆ, ಎರಡರ ನಡುವಿನ ದೂರ ಹೆಚ್ಚಿ ಕಾರನ್ನು ವಾಲಿಸುವ ಬಲವೂ ಹೆಚ್ಚುತ್ತದೆ. ಇಳಿಸಿದ ಲಾಭವನ್ನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಈಗಲೇ ಬಗ್ಗಿ ನೋಡಿ. ಆರ್ಮ್ ನೆಲಕ್ಕೆ ಸಮವಾಗಿದ್ದರೆ 25 ಕೂಡ ಯೋಚಿಸಬೇಕಾದ್ದೇ.

ಫಿಟ್ಟಿಂಗ್ ದಿನ ಪಕ್ಕದಲ್ಲೇ ನಿಂತಿರಿ. ಆರ್ಮ್‌ಗಳ ರಬ್ಬರ್ ಬುಷ್ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗ ಟೈಟ್ ಮಾಡಲು ಬಿಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಟಾರ್ಕ್. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನನ್ನ ಕಾರಿಗೆ ಒಬ್ಬ ಮೆಕ್ಯಾನಿಕ್ ಹೀಗೇ ಮಾಡಿದ್ದರು. ಕೇಳಿದ್ದಕ್ಕೆ "ಎಲ್ಲರೂ ಹೀಗೇ ಮಾಡೋದು" ಅಂದರು!

ಎತ್ತರವನ್ನು ನೆಲದಿಂದ ಅಳೆಯಬೇಡಿ. ವೀಲ್ ಹಬ್‌ನ ನಡುವಿನಿಂದ ಫೆಂಡರ್ ಅಂಚಿಗೆ ಅಳೆದು ಬರೆದಿಡಿ, ಟೈರ್ ಗಾಳಿಯಿಂದ ಲೆಕ್ಕ ತಪ್ಪುವುದಿಲ್ಲ. ಕೆಲವು ನೂರು ಕಿ.ಮೀ. ಓಡಿ ಸ್ಪ್ರಿಂಗ್ ಕುಳಿತ ಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ. ಟೈರ್ ತಿನ್ನುವುದರಲ್ಲಿ ಕ್ಯಾಂಬರ್‌ಗಿಂತ (ಚಕ್ರದ ತಲೆ ಒಳಗೋ ಹೊರಗೋ ವಾಲಿರುವುದು) ಟೋ (ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದು) ದೊಡ್ಡ ಕಳ್ಳ. ಹೆಡ್‌ಲೈಟ್ ಎತ್ತರ ಸರಿ ಮಾಡಿಸಿ, ಕಾರಿಗೆ ಹೈಟ್ ಸೆನ್ಸರ್ ಇದ್ದರೆ ಅದರ ಕ್ಯಾಲಿಬ್ರೇಷನ್ ಕೂಡ.

ಜಿಪ್ ಟೈ ಅಳತೆ ಮುಂದೆ, ಹಿಂದೆ ಎರಡೂ ಕಡೆಯದು ಇಲ್ಲೇ ಹಾಕಿ, ಆರ್ಮ್‌ನ ಒಂದು ಫೋಟೋ ಕೂಡ. ನೋಡಿ ಯಾವ ರೇಟ್ ಹೊಂದುತ್ತದೆ ಅಂತ ಹೇಳುತ್ತೇನೆ.