ಟೂ-ಸ್ಟ್ರೋಕ್ ಬೈಕಿಗೆ ದೊಡ್ಡ ಕಾರ್ಬುರೇಟರ್, ಕೋನ್ ಫಿಲ್ಟರ್ ಹಾಕಿಸಿದರೆ ಮಣ್ಣುದಾರಿಯಲ್ಲಿ ಬಲ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಆದರೆ ನಿಮಗೆ ಬೇಡವಾದ ಕಡೆ.

ಯಮಹಾ ಆರ್‌ಎಕ್ಸ್ 100 ಬೈಕನ್ನು ಮಣ್ಣುದಾರಿಗೆ ಸಜ್ಜುಗೊಳಿಸುತ್ತಿದ್ದೇನೆ, 24 ಮಿ.ಮೀ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), ಹೊಸ ರೀಡ್ (ಗಾಳಿ ಒಳಬರುವ ದಾರಿಯಲ್ಲಿ ತೆರೆದು ಮುಚ್ಚುವ ತೆಳು ಹಾಳೆಯ ಕವಾಟ), ಕೋನ್ ಫಿಲ್ಟರ್ (ಡಬ್ಬಿಯಿಲ್ಲದೆ ಕೂರಿಸುವ ಗಾಳಿ ಫಿಲ್ಟರ್) ಮೂರನ್ನೂ ಒಟ್ಟಿಗೆ ಹಾಕಿಸಲೇ ಎಂದು ಕೇಳಿದ್ದೀರಿ. ಈ 98 ಸಿಸಿ ಎಂಜಿನ್ ತನ್ನ 11 ಅಶ್ವಶಕ್ತಿಯನ್ನು ಕೊಡುವುದು 7500 ಆರ್‌ಪಿಎಂನಲ್ಲಿ. ಪುಣೆ ಬಳಿಯ ಭೋಸರಿಯಿಂದ ನಾವು ಕೆಲವರು ಭಾನುವಾರ ಮುಳಶಿ, ತಾಮ್ಹಿಣಿ ಕಡೆ ಹೋಗುತ್ತೇವೆ. ಅಲ್ಲಿನ ಸಡಿಲ ಕಲ್ಲಿನ ಏರಿನಲ್ಲಿ ಎಂಜಿನ್ ಆ ವೇಗ ಮುಟ್ಟುವುದೇ ಅಪರೂಪ. ಅದರ ಅರ್ಧ ವೇಗದಲ್ಲಿ ಹಿಂದಿನ ಚಕ್ರ ಜಾರದೆ ಎಳೆಯಬೇಕು, ನಮಗೆ ಬೇಕಾದದ್ದು ಅಷ್ಟೇ.

ಈಗ ಲೆಕ್ಕ ನೋಡಿ. 20 ಮಿ.ಮೀ. ಬಾಯಿಯ ಕಾರ್ಬುರೇಟರ್ ತೆಗೆದು 24ರದ್ದು ಕೂರಿಸಿದರೆ ಬಾಯಿಯ ವಿಸ್ತೀರ್ಣ ಶೇ 44ರಷ್ಟು ಹಿಗ್ಗುತ್ತದೆ. ಎಂಜಿನ್ ಎಳೆಯುವ ಗಾಳಿ ಅಷ್ಟೇ ಇದ್ದರೆ ಅದರ ವೇಗ ಸುಮಾರು ಶೇ 30ರಷ್ಟು ಇಳಿಯುತ್ತದೆ. ಜೆಟ್ ಎಂಬ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಮೇಲೆತ್ತಿ ಸಣ್ಣ ಹನಿಗಳಾಗಿ ಒಡೆಯುವುದು ಆ ವೇಗವೇ. ಅದು ಕುಗ್ಗಿದರೆ ಆಕ್ಸಿಲರೇಟರ್ ತಿರುಗಿಸಿದಾಗ ಬೈಕ್ ಒಮ್ಮೆ ತೊದಲಿ, ಆಮೇಲೆ ತಟ್ಟನೆ ಹಾರುತ್ತದೆ. ಡಾಂಬರಿನ ಮೇಲೆ ಅದು ಮೋಜು, ಪ್ರಪಾತದ ಅಂಚಿನ ಕಾಲುದಾರಿಯಲ್ಲಿ ಅಲ್ಲ.

ಇನ್ನೊಂದು ವಿಷಯ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿಯನ್ನು ಕೇವಲ ಮುಂದಿನಿಂದ ತುರುಕಲು ಆಗುವುದಿಲ್ಲ, ಹಿಂದಿನಿಂದ ಎಳೆಯುವವರು ಬೇಕು. ಸೈಲೆನ್ಸರ್ ಒಳಗಿನ ಒತ್ತಡದ ಅಲೆಗಳು ಮಾಡುವ ಕೆಲಸ ಅದು. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ 1961ರ ಹೊತ್ತಿಗೆ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದಿದ್ದರು. ಗಾಳಿ ಬರುವ ದಾರಿಗೆ ತಿರುಗುವ ಡಿಸ್ಕ್ ವಾಲ್ವ್, ಸಿಲಿಂಡರಿಗೆ ಹೆಚ್ಚುವರಿ ಪೋರ್ಟ್ (ಕಿಂಡಿ), ಹೊಗೆ ಹೋಗುವ ಕಡೆ ಎಕ್ಸ್‌ಪ್ಯಾನ್ಷನ್ ಚೇಂಬರ್ ಎಂಬ ಉಬ್ಬಿದ ಕೊಳವೆ, ಮೂರನ್ನೂ ಒಂದಕ್ಕೊಂದು ಹೊಂದಿಸಿದ್ದರ ಫಲ ಅದು. (ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿ ಸುಜುಕಿ ಸೇರಿದರು, 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದರು. ಜಪಾನಿನ ಟೂ-ಸ್ಟ್ರೋಕ್ ವಿದ್ಯೆಯ ಒಂದು ಬೇರು ಅಲ್ಲಿದೆ.) ಸೈಲೆನ್ಸರ್, ಪೋರ್ಟ್ ಮುಟ್ಟದೆ ಕಾರ್ಬುರೇಟರ್ ಮಾತ್ರ ಬದಲಿಸಿ ಪವಾಡ ನಿರೀಕ್ಷಿಸಬೇಡಿ.

ಕೋನ್ ಫಿಲ್ಟರ್ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿಯೇ ಇದೆ: ಬೇಡ. ಫಿಲ್ಟರಿನ ಡಬ್ಬಿ ತೆಗೆದಾಗ ಕೇಳುವ ಬುಸುಗುಟ್ಟುವ ಸದ್ದನ್ನೇ ಜನ ಬಲವೆಂದು ತಿಳಿಯುತ್ತಾರೆ. ಗಾಳಿ ಹೆಚ್ಚಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾಯುತ್ತದೆ, ಉದ್ದನೆಯ ಏರಿನಲ್ಲಿ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಎಂಜಿನ್ನಿಗೆ ಎಣ್ಣೆ ಉಣಿಸುವ ಆಯಿಲ್ ಪಂಪ್ ಇದೆಯಲ್ಲ ಎನ್ನಬೇಡಿ, ಪಿಸ್ಟನ್ನನ್ನು ತಂಪಾಗಿಡುವುದರಲ್ಲಿ ಪೆಟ್ರೋಲಿನದೂ ಪಾಲಿದೆ. ಬೇಸಿಗೆಯಲ್ಲಿ ಇಲ್ಲಿನ ಮುರುಮಿನ ದೂಳು, ಮಳೆಗಾಲದಲ್ಲಿ ಹಳ್ಳ ದಾಟುವಾಗಿನ ನೀರು, ಎರಡಕ್ಕೂ ಆ ಡಬ್ಬಿಯೇ ಅಡ್ಡಗೋಡೆ. ಅದನ್ನು ಉಳಿಸಿಕೊಂಡು ಎಣ್ಣೆ ಸವರಿದ ಫೋಮ್ ಫಿಲ್ಟರ್ ಹಾಕಿ, ಪ್ರತಿ ಸವಾರಿಯ ನಂತರ ತೊಳೆಯಿರಿ.

ಮೂರರಲ್ಲಿ ನಾನು ಒಪ್ಪುವುದು ರೀಡ್ ಒಂದನ್ನೇ. 7500 ಆರ್‌ಪಿಎಂ ಎಂದರೆ ಸೆಕೆಂಡಿಗೆ 125 ಸುತ್ತು, ಒಂದು ಸುತ್ತಿಗೆ 8 ಮಿಲಿಸೆಕೆಂಡ್. ಅದರಲ್ಲೊಂದು ಪಾಲು ಹೊತ್ತಿನಲ್ಲಿ ರೀಡಿನ ಹಾಳೆ ತೆರೆದು ಮತ್ತೆ ಮುಚ್ಚಿಕೊಳ್ಳಬೇಕು. ಮೆದು ಹಾಳೆ ಸಣ್ಣ ಸೆಳೆತಕ್ಕೂ ಬೇಗ ತೆರೆಯುತ್ತದೆ, ಆದ್ದರಿಂದ ಕೆಳಗಿನ ವೇಗದಲ್ಲಿ ಎಳೆತ ಚೆನ್ನ. ವೇಗ ಏರಿದಾಗ ಅದೇ ಹಾಳೆ ಪಟಪಟನೆ ಬಡಿದುಕೊಂಡು ಸರಿಯಾಗಿ ಮುಚ್ಚದು. ಗಡುಸು ಹಾಳೆಯ ಗುಣ ಇದಕ್ಕೆ ತದ್ವಿರುದ್ಧ. ಮಣ್ಣುದಾರಿಗೆ ಮೆದುವಾದ ಫೈಬರ್ ಹಾಳೆ ಸಾಕು. ಮುರಿದರೂ ಉಕ್ಕಿನ ಚೂರಿನಷ್ಟು ಹಾನಿ ಮಾಡುವುದಿಲ್ಲ. ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಹಾಳೆಯ ತುದಿ ಎದ್ದು ಬೆಳಕು ಧಾರಾಳವಾಗಿ ತೂರಿದರೆ ನಿಮ್ಮ ಬೈಕ್ ಕಳೆದುಕೊಂಡ ಪಿಕಪ್ ಅಲ್ಲೇ ಇರಬಹುದು.

ಚಿಂಚವಡದಲ್ಲಿ ನಮ್ಮ ವಿಜಯಪುರದ ಕಡೆಯ ಮಿಸ್ತ್ರಿಯೊಬ್ಬರಿದ್ದಾರೆ. ಯಾರಾದರೂ ಹುಡುಗರು ದೊಡ್ಡ ಕಾರ್ಬುರೇಟರ್ ಹಿಡಿದು ಬಂದರೆ, "ಮೊದಲು ಇರುವ ಗಾಳಿ ಎಲ್ಲಿ ಸೋರುತ್ತದೆ ನೋಡೋಣ ತಮ್ಮಾ" ಎನ್ನುತ್ತಾರೆ. ಈ ಬೈಕುಗಳ ತಯಾರಿಕೆ ನಿಂತದ್ದು 1996ರಲ್ಲಿ. ಇಷ್ಟು ಹಳೆಯ ಎಂಜಿನ್ನಿನಲ್ಲಿ ಕಾರ್ಬುರೇಟರ್ ಮತ್ತು ಎಂಜಿನ್ನಿನ ನಡುವಿನ ರಬ್ಬರ್ ಬಿರಿದಿರುತ್ತದೆ, ಕ್ರ್ಯಾಂಕ್ ದಂಡದ ಆಯಿಲ್ ಸೀಲ್ ಸತ್ತಿರುತ್ತದೆ. ಅಲ್ಲಿಂದ ನುಸುಳುವ ಕಳ್ಳಗಾಳಿ ಇರುವವರೆಗೆ ಯಾವ ಜೆಟ್ ಹಾಕಿದರೂ ಹದ ಬಾರದು.

ಹಾಗಾಗಿ ಬಿಡಿಭಾಗ ಕೊಳ್ಳಲು ಪುಣೆಯ ನಾನಾ ಪೇಠೆಗೆ ಹೋದಾಗ ಆ ರಬ್ಬರ್, ಎರಡೂ ಬದಿಯ ಸೀಲ್, ರೀಡಿನ ಹಾಳೆ, ಈಗಿರುವುದಕ್ಕಿಂತ ಒಂದು ಹೆಜ್ಜೆ ದೊಡ್ಡ ಮತ್ತು ಒಂದು ಹೆಜ್ಜೆ ಸಣ್ಣ ಮೇನ್ ಜೆಟ್ ತನ್ನಿ. ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಹೊಂದಿಸಿದ ಮಿಶ್ರಣ, 1350 ಮೀಟರ್ ದಾಟುವ ಮಹಾಬಳೇಶ್ವರದಲ್ಲಿ ಗಾಳಿ ತೆಳುವಾಗುವುದರಿಂದ ಪೆಟ್ರೋಲ್ ಹೆಚ್ಚಾಗಿ ದಟ್ಟವೆನಿಸುತ್ತದೆ. ಸಣ್ಣ ಜೆಟ್ ಅಲ್ಲಿಗೆ, ಇಳಿಯುವ ಮುನ್ನ ಮರೆಯದೆ ಹಳೆಯದನ್ನೇ ಹಾಕಿ. ದೊಡ್ಡದು ಡಿಸೆಂಬರಿನ ಚಳಿಯ ಮುಂಜಾವಿಗೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ಕಂದು ಬಣ್ಣವಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ, ಆ ದಿನ ಏರು ಹತ್ತಬೇಡಿ.